ಸೂಲಗಿತ್ತಿಯಿಂದ ತಾಯಿ ಕಾರ್ಡಿನವರೆಗೆ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಗದದ ಕಟ್ಟೊಂದನ್ನು ಹಿಡಿದು ಮನೆಗೆ ಬಂದಳು. ಆಕೆ ಈಗ ಶುಶ್ರೂಷೆಯ ಉನ್ನತ ವ್ಯಾಸಂಗದಲ್ಲಿದ್ದಾಳೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹೆಂಗಸರಿಗೆ ಬಸಿರು, ಬಾಣಂತನ, ಸಂತಾನ ನಿಯಂತ್ರಣಗಳ ವಿಷಯದಲ್ಲಿ ಸರ್ಕಾರಿ ಆಸ್ಪತ್ರೆಗಳಿಂದ ಏನು ದೊರೆಯುತ್ತಿದೆ, ದೊರೆತದ್ದರಿಂದ ಅವರಿಗೆ ತೃಪ್ತಿಯಾಗಿದೆಯೇ ಎಂಬುದನ್ನು ವಿಚಾರಿಸಿ ಬರೆಯುವುದು ಅವಳ ಕೆಲಸ. ಇಂಗ್ಲಿಷಿನಲ್ಲಿ ಸಿದ್ಧವಾದ ಪ್ರಶ್ನೆಗಳನ್ನು ಯಾರೋ ಕನ್ನಡಕ್ಕೆ ತಿರುಗಿಸಿಕೊಟ್ಟಿದ್ದರು. "ಭಾಷೆ ಸ್ವಲ್ಪ ನೋಡಿಕೊಡಿ ಮೇಡಂ" ಎಂದಳು.

ನೋಡಿದೆ. ಹದಿನೇಳನೆಯ ಪ್ರಶ್ನೆ ಹೀಗಿತ್ತು: 'ನಿಮಗೆ ದೊರೆತ ಸೇವೆಯಿಂದ ನಿಮಗೆ ತೃಪ್ತಿಯಾಯಿತೇ?' ಕೆಳಗೆ ಉತ್ತರಕ್ಕೆ ಮೂರು ಮನೆಗಳು: ಪೂರ್ಣ ತೃಪ್ತಿ, ಸಾಧಾರಣ ತೃಪ್ತಿ, ಅತೃಪ್ತಿ. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನ್ನ ಲೇಖನಿ ಅಲ್ಲಿ ನಿಂತುಬಿಟ್ಟಿತು. ನಮ್ಮಲ್ಲಿ 'ತೃಪ್ತಿಯಾಯಿತೇ' ಎಂಬುದು ಊಟ ಬಡಿಸಿದವರು ಉಂಡವರನ್ನು ಕೇಳುವ ಮಾತು. ಎಲೆಯ ಮುಂದೆ ಕುಳಿತವರು ಸಾರು ಉಪ್ಪಾಗಿದ್ದರೂ, ಅನ್ನ ಬೆಂದಿರದಿದ್ದರೂ, 'ಆಯಿತು, ಬಹಳ ಚೆನ್ನಾಗಿತ್ತು' ಎಂದೇ ಹೇಳುತ್ತಾರೆ. ಹಾಗೆ ಹೇಳುವುದು ಮರ್ಯಾದೆ. ಇನ್ನು ಅತೃಪ್ತಿಯೆಂಬುದೋ, ಪ್ರೇತಗಳಿಗೂ ಈಚೆಗೆ ಶಾಸಕರಿಗೂ ಮೀಸಲಾದ ಮಾತು. ಹಳ್ಳಿಯ ಬಾಣಂತಿ ಅದನ್ನು ತನ್ನದೆಂದು ಹೇಳಿಕೊಳ್ಳುವುದುಂಟೇ? ಕೊಟ್ಟವರೇ ಕೇಳಿದರೆ ಪಡೆದವಳು ಇಲ್ಲವೆನ್ನಲಾರಳು. ಈ ಒಂದು ಮಾತಿನ ಹಿಂದೆ ನಮ್ಮ ನಾಲ್ಕು ತಾಲ್ಲೂಕುಗಳ ಹೆಂಗಸರ ನೂರು ವರ್ಷದ ಚರಿತ್ರೆ ಅಡಗಿದೆಯೆಂದು ನನಗೆ ತೋರಿತು. ಅದನ್ನು ವಾಚಕರ ಮುಂದಿಡುವುದಕ್ಕಾಗಿ ಈ ಲೇಖನ.

ಈ ನಾಲ್ಕು ತಾಲ್ಲೂಕುಗಳು ಕೂಡಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗುತ್ತದೆ. ಕಲ್ಲುಗುಡ್ಡಗಳ, ಮಳೆ ಕಡಿಮೆಯಾದ, ರಾಗಿ ಕಡಲೆಕಾಯಿಗಳ ಸೀಮೆ. ಪಾವಗಡ ತಾಲ್ಲೂಕಂತೂ ಬಹುಪಾಲು ಆಂಧ್ರದಿಂದ ಸುತ್ತುವರಿದಿದೆ. ಮಧುಗಿರಿಯಿಂದ ಅಲ್ಲಿಗೆ ಹೋಗುವ ದಾರಿಯೇ ನಡುವೆ ಆಂಧ್ರದ ನೆಲವನ್ನು ಹಾದುಹೋಗುತ್ತದೆ. ಅಲ್ಲಿಂದ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಸುಮಾರು 100 ಕಿಲೋಮೀಟರು. ಇಂಥ ಸೀಮೆಯಲ್ಲಿ ಹೆರಿಗೆಯೆಂದರೆ ಬಹುಕಾಲದವರೆಗೂ ಸೂಲಗಿತ್ತಿಯೆಂದೇ ಅರ್ಥ.

ಸೂಲ್ ಎಂಬುದು ಹಳಗನ್ನಡದ ಮಾತು. ಅದಕ್ಕೆ ಸರದಿ ಎಂದೂ ಅರ್ಥವುಂಟು, ಹೆರಿಗೆ ಎಂದೂ ಅರ್ಥವುಂಟು. ಇಂದು ನಾವು ಹಸುವಿಗೆ ಮಾತ್ರ 'ಇದು ಎಷ್ಟನೆಯ ಸೂಲು' ಎಂದು ಕೇಳುತ್ತೇವೆ. ಹೆಂಗಸಿನ ಮಟ್ಟಿಗೆ ಆ ಮಾತು ಸೂಲಗಿತ್ತಿಯ ಹೆಸರಿನಲ್ಲಷ್ಟೇ ಉಳಿದಿದೆ. ಹೂವಾಡಗಿತ್ತಿಯಂತೆ, ಒಕ್ಕಲಗಿತ್ತಿಯಂತೆ ಈಕೆಯೂ ತನ್ನ ಕಸುಬಿನಿಂದ ಹೆಸರು ಪಡೆದವಳು. ಆದರೆ ಆ ಕಸುಬಿಗೆ ಕೂಲಿಯೆಂಬುದು ಗೊತ್ತಾಗಿರಲಿಲ್ಲ. ಮೊರದ ತುಂಬ ರಾಗಿ, ಒಂದು ತೆಂಗಿನಕಾಯಿ, ಎಲೆಯಡಿಕೆ, ಉಳ್ಳವರ ಮನೆಯಾದರೆ ಒಂದು ಸೀರೆ, ಇಲ್ಲದವರ ಮನೆಯಾದರೆ ಬರಿಯ ಮಾತು.

ಈ ಪರಂಪರೆಯ ಕೊನೆಯ ದೊಡ್ಡ ಹೆಸರು ನಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರದು. 1920ರಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲಿ ಮದುವೆಯಾಗಿ, ಅಜ್ಜಿಯ ಜೊತೆಯಲ್ಲಿ ನಿಂತು ಈ ವಿದ್ಯೆಯನ್ನು ಕಲಿತರು. ಅಕ್ಷರ ಕಲಿತವರಲ್ಲ. ಎಪ್ಪತ್ತು ವರ್ಷಗಳಲ್ಲಿ ಸುಮಾರು 15,000 ಹೆರಿಗೆಗಳನ್ನು ಮಾಡಿಸಿದರೆಂದು ಹೇಳುತ್ತಾರೆ. ಒಂದಕ್ಕೂ ಹಣ ಕೇಳಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನರಸಮ್ಮನವರನ್ನು ನಾವೆಲ್ಲರೂ ಕೊಂಡಾಡಿದೆವು; ಕೊಂಡಾಡತಕ್ಕದ್ದೇ. ಆದರೆ ಅವರ ಬಾಳಿನ ಇನ್ನೊಂದು ಸಂಗತಿಯನ್ನು ಹೊಗಳಿಕೆಯ ಭರದಲ್ಲಿ ಮರೆಯಬಾರದು. ಅವರು ಹನ್ನೆರಡು ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರು ಎಳವೆಯಲ್ಲಿಯೇ ಹೋದರು. ಊರಿನ ಮಕ್ಕಳನ್ನು ಎತ್ತಿಕೊಂಡ ಕೈಗೂ ತನ್ನ ಮಕ್ಕಳೆಲ್ಲರನ್ನೂ ಉಳಿಸಿಕೊಳ್ಳುವ ಬಲವಿರಲಿಲ್ಲ.

ಹಿಂದಿನದೆಲ್ಲ ಸೊಗಸಾಗಿತ್ತೆಂದು ಬರೆಯುವುದು ಸುಲಭ. ಮಧುಗಿರಿ ತಾಲ್ಲೂಕಿನ ಹಳ್ಳಿಯವಳಾದ ನನ್ನ ಅಜ್ಜಿ ಏಳು ಹೆತ್ತು ನಾಲ್ಕು ಉಳಿಸಿಕೊಂಡವಳು. ಅವಳ ತಂಗಿ ಚೊಚ್ಚಲ ಹೆರಿಗೆಯಲ್ಲಿ ಮೂರು ದಿನ ನೋವು ತಿಂದು ಮಗುವಿನೊಡನೆ ಹೋದಳು. ಗಾಡಿ ಕಟ್ಟಿ ಮಧುಗಿರಿಗೆ ಕರೆದೊಯ್ಯಲು ಹೊರಟಾಗ ಹಳ್ಳ ಬಂದಿತ್ತಂತೆ. ಅಜ್ಜಿ ಇದನ್ನು ಹೇಳುವಾಗ ಅಳುತ್ತಿರಲಿಲ್ಲ. ಮಳೆಯ ಲೆಕ್ಕ ಹೇಳುವಂತೆ ಹೇಳುತ್ತಿದ್ದಳು. ಬಾಣಂತಿಯ ನಂಜು, ತಡೆಯಿಲ್ಲದ ರಕ್ತಸ್ರಾವ, ಅಡ್ಡ ನಿಂತ ಕೂಸು ಇವುಗಳ ಮುಂದೆ ಎಷ್ಟು ಜಾಣೆಯಾದ ಸೂಲಗಿತ್ತಿಯೂ ಕೈಚೆಲ್ಲಬೇಕಾಗಿತ್ತು. ಹೆರಿಗೆ ಮಾಡಿಸುವವರು ಕೈ ತೊಳೆದುಕೊಂಡರೆ ನಂಜು ತಗ್ಗುವುದೆಂದು ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ 1847ರಲ್ಲಿಯೇ ತೋರಿಸಿಕೊಟ್ಟಿದ್ದ. ಅಲ್ಲಿನ ಪಂಡಿತರೇ ಅದನ್ನು ಬಹುಕಾಲ ಒಪ್ಪಲಿಲ್ಲ. ನಮ್ಮ ಗುಡಿಸಲುಗಳಿಗೆ ಆ ಮಾತು ಬರುವುದು ತಡವಾದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಸರ್ಕಾರದ ಕಡೆಯ ಕಥೆ. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬಿದ್ದದ್ದಲ್ಲ. ಬಹಳ ಮುಂದೆ ಹೋದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರಲ್ಲಿ ಸರ್ಕಾರವೇ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಹೇಳುವುದುಂಟು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಬೆಂಗಳೂರಿನಲ್ಲಿ ತೆರೆದ ಬಾಗಿಲಿಗೂ ಪಾವಗಡದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೂ ನಡುವೆ ಎಷ್ಟು ದಿನದ ಗಾಡಿ ಪಯಣವಿತ್ತೆಂಬುದನ್ನು ನೆನೆದರೆ ಹೆಮ್ಮೆ ಸ್ವಲ್ಪ ತಣ್ಣಗಾಗುತ್ತದೆ.

ಸ್ವಾತಂತ್ರ್ಯಾನಂತರ 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವಾಗಿ ಕೈಗೊಂಡಿತು. ಅದರ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ರಾಮನಗರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ನ್ಯೂಯಾರ್ಕಿನಿಂದ ಬಂದ ಡಾಕ್ಟರ್ ಅಬ್ರಹಾಂ ಸ್ಟೋನ್ ಎಂಬುವರು, ಬಸಿರಾಗುವ ದಿನಗಳನ್ನೂ ಆಗದ ದಿನಗಳನ್ನೂ ಎಣಿಸಿಕೊಳ್ಳಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಡಿಸಿದರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಪ್ರಯೋಗ ಫಲ ಕೊಡಲಿಲ್ಲ. ಮಣಿ ಸರಿಸುವುದು ಹೆಂಗಸಿನ ಕೈಯಲ್ಲಿತ್ತು. ಗಂಡನಿಗೆ 'ಇಂದು ಬೇಡ' ಎನ್ನುವುದು ಅವಳ ಕೈಯಲ್ಲಿತ್ತೇ?

1965ರಲ್ಲಿ ಲಿಪ್ಪೆಸ್ ಎಂಬುವರ ಲೂಪು ದೇಶದ ತುಂಬ ಬಂದಿತು. ಕನ್ನಡದಲ್ಲಿ ಇಂಥ ಸಾಧನಕ್ಕೆ 'ವಂಕಿ' ಎಂದು ಹೆಸರಾಯಿತು. ವಂಕಿಯೆಂದರೆ ತೋಳಿನ ಒಡವೆ. ಹೆಸರಿಟ್ಟವರು ರಸಿಕರಿರಬೇಕು. ಆದರೆ ಒಡವೆ ತೊಟ್ಟವಳಿಗೆ ರಕ್ತಸ್ರಾವವಾದರೆ, ಸೊಂಟ ಹಿಡಿದುಕೊಂಡರೆ, ಮರಳಿ ಬಂದು ನೋಡುವವರಿರಲಿಲ್ಲ. ಎಷ್ಟು ವಂಕಿ ಹಾಕಿದೆವೆಂಬ ಲೆಕ್ಕವಿತ್ತು. ಹಾಕಿಸಿಕೊಂಡವಳು ಹೇಗಿದ್ದಾಳೆಂಬ ಲೆಕ್ಕವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಜನ ಅದಕ್ಕೆ ಬೆನ್ನು ತಿರುಗಿಸಿದರು.

ನಮ್ಮ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ ಘಟ್ಟ 1973ರದು. ವಿಶ್ವಬ್ಯಾಂಕು ಮತ್ತು ಸ್ವೀಡನ್ ದೇಶದ ನೆರವಿನಿಂದ ಭಾರತ ಜನಸಂಖ್ಯಾ ಯೋಜನೆಯ ಮೊದಲ ಹಂತ ಉತ್ತರಪ್ರದೇಶದಲ್ಲಿಯೂ, ಇತ್ತ ತುಮಕೂರೂ ಸೇರಿದ ಬೆಂಗಳೂರು ವಿಭಾಗದ ಜಿಲ್ಲೆಗಳಲ್ಲಿಯೂ ಆರಂಭವಾಯಿತು. ಹಳ್ಳಿಗಳಲ್ಲಿ ಉಪಕೇಂದ್ರಗಳೆದ್ದವು, ದಾದಿಯರಿಗೆ ವಸತಿಗಳಾದವು. ಬಿಳಿ ಸೀರೆಯ 'ನರ್ಸಮ್ಮ' ಊರಿಗೆ ಪರಿಚಿತಳಾದದ್ದು ಇಂಥ ಉಪಕೇಂದ್ರಗಳಿಂದ. ಆಕೆಯ ಕೈಯಲ್ಲಿ ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆಗಳಿದ್ದವು. ಆದರೆ ಆಕೆಯ ತಲೆಯ ಮೇಲೆ 'ಗುರಿ' ಎಂಬ ಹೊರೆಯೂ ಇತ್ತು. ವರ್ಷಕ್ಕೆ ಇಷ್ಟು ಆಪರೇಷನ್ನಿನ ಕೇಸು ತರಬೇಕು, ತರದಿದ್ದರೆ ಮೇಲಿನವರ ಕೋಪ.

ತುರ್ತು ಪರಿಸ್ಥಿತಿಯ ಕಥೆ ಎಲ್ಲರಿಗೂ ಗೊತ್ತಿದೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಮುಕ್ಕಾಲುಪಾಲು ಗಂಡಸರಿಗೆ. ಗಂಡಸರು ಸಿಟ್ಟಾದರು, 1977ರ ಚುನಾವಣೆಯಲ್ಲಿ ಸರ್ಕಾರ ಉರುಳಿತು. ಆ ಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಆದರೆ ಗುರಿ ಹೋಗಲಿಲ್ಲ. ಅದು ಹೆಂಗಸರ ಕಡೆಗೆ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ.

ಆ ನೂರಕ್ಕೆ 57ರ ಹಿಂದಿನ ಪೀಳಿಗೆಯಲ್ಲಿ ನನ್ನ ತಾಯಿಯೂ ಒಬ್ಬಳು. 1985ರಲ್ಲಿ ನನಗೆ ಐದು ವರ್ಷ. ಹೋಬಳಿಯ ಶಾಲೆಯೊಂದರಲ್ಲಿ ಆಪರೇಷನ್ ಕ್ಯಾಂಪು. ಅಜ್ಜಿಯೂ ನಾನೂ ಹೊರಗೆ ಹೊಂಗೆಯ ಮರದ ಕೆಳಗೆ ಕುಳಿತಿದ್ದೆವು. ಒಳಗೆ ನೆಲದ ಮೇಲೆ ಸಾಲಾಗಿ ಹೆಂಗಸರನ್ನು ಮಲಗಿಸಿದ್ದರು. ಸಂಜೆ ಹಳ್ಳಿಯ ಐದಾರು ಜನರೊಡನೆ ಅಮ್ಮನನ್ನೂ ಟೆಂಪೋದಲ್ಲಿ ಕೂರಿಸಿ ಕಳುಹಿಸಿದರು. ನನ್ನ ನೆನಪು ಅಷ್ಟೆ. ಅದರಲ್ಲಿ ಹೇಳುವಂಥದೇನೂ ಇಲ್ಲವೆಂದೇ ನಾನು ನಲವತ್ತು ವರ್ಷ ತಿಳಿದಿದ್ದೆ.

1994ರಲ್ಲಿ ಕೈರೋ ನಗರದಲ್ಲಿ ನಡೆದ ಜನಸಂಖ್ಯಾ ಸಮ್ಮೇಳನ ಈ ಗುರಿಯ ದಾರಿಯನ್ನು ಬಿಡಿಸಿತೆನ್ನಬಹುದು. ಹೆಂಗಸು ಸರ್ಕಾರದ ಲೆಕ್ಕಕ್ಕೆ ಒದಗುವ ಸಂಖ್ಯೆಯಲ್ಲ, ತನ್ನ ದೇಹದ ವಿಷಯದಲ್ಲಿ ತಿಳಿದು ಆರಿಸಿಕೊಳ್ಳುವ ಹಕ್ಕುಳ್ಳವಳು ಎಂಬ ಮಾತು ಅಲ್ಲಿ ಒಪ್ಪಿತವಾಯಿತು. 1996ರಲ್ಲಿ ಭಾರತ ಗುರಿಗಳನ್ನು ಕೈಬಿಟ್ಟಿತು. ಮರುವರ್ಷ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ನನ್ನ ವಿದ್ಯಾರ್ಥಿನಿಯ 'ತೃಪ್ತಿ' ಎಂಬ ಪ್ರಶ್ನೆ ಆ ಗಾಳಿಯಲ್ಲಿ ಬೆಳೆದು ಬಂದದ್ದು. ಆ ಮೊದಲು ಅದನ್ನು ಕೇಳಬೇಕೆಂದೇ ಬಹುಮಂದಿಗೆ ತೋಚಿರಲಿಲ್ಲ.

ಆ ಮೇಲಿನ ಕಾಲು ಶತಮಾನದಲ್ಲಿ ಆದ ಬದಲಾವಣೆಯನ್ನು ಅಲ್ಲಗಳೆಯಲಾಗದು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಊರೂರಿಗೆ ಆಶಾ ಕಾರ್ಯಕರ್ತೆ. 2007ರಲ್ಲಿ ಮಡಿಲು ಕಿಟ್ಟು. 2008ರಲ್ಲಿ 108ರ ಆರೋಗ್ಯ ಕವಚ. ಬಸುರಿಯ ಕೈಗೆ ತಾಯಿ ಕಾರ್ಡು. ಇವುಗಳ ಕನ್ನಡ ಹೆಸರುಗಳೇ ಎಷ್ಟು ಹಿತವಾಗಿವೆ! 1992-93ರಲ್ಲಿ ಕರ್ನಾಟಕದಲ್ಲಿ ನೂರರಲ್ಲಿ 38ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರಲ್ಲಿ ಅದು 97. ಲಕ್ಷ ಹೆರಿಗೆಗಳಿಗೆ ಸಾಯುವ ತಾಯಂದಿರ ಲೆಕ್ಕ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ನೆರೆಯ ದಕ್ಷಿಣ ರಾಜ್ಯಗಳ ಮುಂದೆ ಈ 69 ಹೆಚ್ಚೇ. ಕೇರಳದಲ್ಲಿ ಆಗ 19. ಆದರೂ ನನ್ನ ಅಜ್ಜಿಯ ತಂಗಿಯಂಥವರೆಷ್ಟು ಮಂದಿ ಬದುಕಿಕೊಂಡರೆಂದು ನೆನೆದರೆ ಕೈಮುಗಿಯಬೇಕು.

ಹಾಗಾದರೆ ಬಾಗಿಲು ಎಲ್ಲರಿಗೂ ತೆರೆದಿದೆಯೇ? 2022ರ ನವೆಂಬರಿನಲ್ಲಿ ಹೆರಿಗೆ ನೋವಿನಿಂದ ತುಮಕೂರು ಜಿಲ್ಲಾ ಆಸ್ಪತ್ರೆಗೆ ಬಂದ ಬಡ ಹೆಂಗಸೊಬ್ಬಳನ್ನು ತಾಯಿ ಕಾರ್ಡು ಇಲ್ಲವೆಂದು ಸೇರಿಸಿಕೊಳ್ಳದೆ ಕಳುಹಿಸಿದರು. ಆಕೆ ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು, ಮಕ್ಕಳೊಡನೆ ತೀರಿಕೊಂಡಳು. ತಾಯಿಯನ್ನು ಒಳಗೆ ಕರೆತರಲೆಂದು ಮಾಡಿದ ಕಾರ್ಡು ಅಂದು ಅವಳನ್ನು ಹೊರಗೆ ನಿಲ್ಲಿಸಿತು. 2024ರ ಫೆಬ್ರುವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೂವರು ಹೆಂಗಸರು ಸತ್ತರು. ವೈದ್ಯರ ಮೇಲೂ ಸಿಬ್ಬಂದಿಯ ಮೇಲೂ ಸರ್ಕಾರ ಕ್ರಮ ಕೈಗೊಂಡಿತು. 2014ರಲ್ಲಿ ಛತ್ತೀಸಗಡದ ಬಿಲಾಸಪುರದ ಕಡೆ ಆಪರೇಷನ್ ಕ್ಯಾಂಪಿನಲ್ಲಿ ಹತ್ತಾರು ಹೆಂಗಸರು ಸತ್ತ ಮೇಲೆ, ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಹೇಳಿತ್ತು. ಕ್ಯಾಂಪು ನಿಂತರೆ ಸಾಲದು, ಶಸ್ತ್ರಚಿಕಿತ್ಸೆಯ ಕೊಠಡಿಯ ಶುಚಿಯೂ ಎಚ್ಚರವೂ ದಿನದಿನವೂ ನಿಲ್ಲಬೇಕೆಂಬುದನ್ನು ಪಾವಗಡ ನಮಗೆ ಕಲಿಸಿತು.

ದೋಷವೆಲ್ಲ ಆಸ್ಪತ್ರೆಯದೇ ಎಂದೂ ಅಲ್ಲ. ಜುಂಜಪ್ಪನ ನೆಲವಾದ ನಮ್ಮ ಸಿರಾ ಸೀಮೆಯಲ್ಲಿ ಕಾಡುಗೊಲ್ಲರ ಹಟ್ಟಿಗಳು ಹಲವಿವೆ. ಮುಟ್ಟಾದವಳನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿಡುವ ಪದ್ಧತಿ ಆ ಸಮುದಾಯದಲ್ಲಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿಟ್ಟ ಬಾಣಂತಿಯ ಕೂಸು ಚಳಿಮಳೆಗೆ ಸಿಕ್ಕಿ ಸತ್ತಿತು. ಆಸ್ಪತ್ರೆಯಲ್ಲಿ ಹುಟ್ಟಿ ಬಂದ ಮಗುವಿಗೂ ಮನೆಯಲ್ಲಿ ಜಾಗವಿಲ್ಲದಿದ್ದರೆ ಯಾವ ಯೋಜನೆ ಏನು ಮಾಡೀತು?

ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ವಾಡಿಕೆ. ಕಾರ್ಡು ಆಗುವುದು ಗಂಡನ ಊರಿನಲ್ಲಿ. ಏಳನೆಯ ತಿಂಗಳಲ್ಲಿ ಬಸುರಿ ಹೊರಡುವುದು ತವರಿಗೆ. ಪಾವಗಡದ ಕಡೆ ಎಷ್ಟೋ ಸೊಸೆಯಂದಿರ ತವರು ಮಡಕಶಿರಾ, ಹಿಂದೂಪುರಗಳ ಕಡೆ, ಅಂದರೆ ಬೇರೆ ರಾಜ್ಯ. ಒಂದು ಊರಿನ ಆಶಾ ಆಕೆಯನ್ನು ಪಟ್ಟಿಯಿಂದ ಬಿಟ್ಟಿರುತ್ತಾಳೆ. ಇನ್ನೊಂದು ಊರಿನವಳು ಪಟ್ಟಿಗೆ ಸೇರಿಸಿರುವುದಿಲ್ಲ. ಸೂಲಗಿತ್ತಿಗೆ ಈ ತೊಡಕಿರಲಿಲ್ಲ. ತವರಿಗೆ ಬಂದ ಮಗಳು ಅವಳ ಕೈಯಲ್ಲೇ ಹುಟ್ಟಿದವಳು. ಅವಳಿಗೆ ಕಾರ್ಡು ಬೇಕಾಗಿರಲಿಲ್ಲ.

ಸರ್ಕಾರಕ್ಕೂ ಇದು ತಡವಾಗಿಯಾದರೂ ಹೊಳೆದಂತಿದೆ. ಹೆರಿಗೆಯ ಕೊಠಡಿಯಲ್ಲಿ ಬಸುರಿಯ ಜೊತೆಗೆ ಆಪ್ತಳೊಬ್ಬಳು ಇರಬಹುದೆಂದು 2016ರಲ್ಲಿ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. 2017ರ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಬಸುರಿಯನ್ನು ಗೌರವದಿಂದ ಕಾಣಬೇಕೆಂಬುದೂ ಒಂದು ನಿಯಮವಾಯಿತು. ತರಬೇತಿ ಪಡೆದ ಸೂಲಗಿತ್ತಿಯರ ಹೊಸ ವರ್ಗವನ್ನೇ ದಾದಿಯರಿಂದ ಬೆಳೆಸಬೇಕೆಂದು ದೆಹಲಿಯಲ್ಲಿ ಮಾರ್ಗದರ್ಶಿಯೊಂದು ಹೊರಬಂದದ್ದು 2018ರ ಡಿಸೆಂಬರಿನಲ್ಲಿ. ನರಸಮ್ಮನವರು ಕಣ್ಣುಮುಚ್ಚಿದ ತಿಂಗಳು.

ವಿದ್ಯಾರ್ಥಿನಿ ಹೋದ ಮೇಲೆ, ಆ ಹದಿನೇಳನೆಯ ಪ್ರಶ್ನೆಯನ್ನು ಪರೀಕ್ಷಿಸೋಣವೆಂದು ಅಮ್ಮನನ್ನೇ ಕೇಳಿದೆ. "ಆವತ್ತು ಕ್ಯಾಂಪಿನಲ್ಲಿ ಮಾಡಿದ್ದು ನಿನಗೆ ತೃಪ್ತಿಯಾಗಿತ್ತೇನಮ್ಮ?"

"ಪರವಾಗಿಲ್ಲ" ಎಂದಳು. ನಾನು ನಿರೀಕ್ಷಿಸಿದ ಉತ್ತರವೇ.

ಪ್ರಶ್ನೆಯನ್ನು ಬದಲಿಸಿದೆ. "ಮನೆಗೆ ಬಂದ ಮೇಲೆ ಏನಾಯಿತು?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಮೇಲೆ ಹೇಳಿದಳು. ಹೊಲಿಗೆ ಕೀವಾಗಿತ್ತು. ಒಂದು ತಿಂಗಳು ಅರಿಸಿನ ಹಚ್ಚಿಕೊಂಡು ಕಳೆದಳು. ಸೊಂಟದ ನೋವು ಅಂದಿನಿಂದ ಹೋದದ್ದೇ ಇಲ್ಲ. ಕಳೆ ಕೀಳಲು ಬಗ್ಗಿದಾಗ ಕಣ್ಣು ಕತ್ತಲೆ ಬರುತ್ತಿತ್ತು. ಅಪ್ಪನಿಗೂ ಅಜ್ಜಿಗೂ ಹೇಳಿರಲಿಲ್ಲ. "ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?" ಎಂದೆ.

"ಯಾರು ಕೇಳಿದ್ರು?" ಎಂದಳು.

ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಒಂದೇ ಮನೆಯಲ್ಲಿದ್ದೂ ಕೇಳಿರಲಿಲ್ಲ. ಸರ್ಕಾರವನ್ನು ಮಾತ್ರ ದೂರುವುದಕ್ಕೆ ನನಗೆ ಆ ಹೊತ್ತಿನಲ್ಲಿ ಬಾಯಿ ಬರಲಿಲ್ಲ.

ಮತ್ತೆ ಅಮ್ಮನೇ ಮುಂದುವರಿಸಿದಳು. ನಾನೂ ನನ್ನ ತಂಗಿಯೂ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು. ತಮ್ಮ ಮಾತ್ರ ಆಸ್ಪತ್ರೆಯಲ್ಲಿ. "ಅವಳು ರಾತ್ರಿಯೆಲ್ಲ ಬೆನ್ನು ನೀವುತ್ತ ಕೂತಿದ್ದಳು ಕಣೆ, ಎದ್ದು ಹೋಗಲಿಲ್ಲ. ಇವನ ಹೊತ್ತಿಗೆ ರಕ್ತ ನಿಲ್ಲಲೇ ಇಲ್ಲ, ಆಸ್ಪತ್ರೆ ಇರದಿದ್ದರೆ ನಾನು ಇರ್ತಿರಲಿಲ್ಲ. ಆದರೆ ಅಲ್ಲಿ ಬೈದರು. ನೋವಿಗೆ ಕೂಗಿದ್ದಕ್ಕೆ ಬೈದರು."

ಮಾರನೆಯ ವಾರ ವಿದ್ಯಾರ್ಥಿನಿ ಬಂದಾಗ ಆ ಪ್ರಶ್ನೆಯನ್ನು ಹೊಡೆದುಹಾಕಿ ಅದರ ಜಾಗದಲ್ಲಿ ನಾಲ್ಕನ್ನು ಬರೆದುಕೊಟ್ಟೆ. ನೋವು ಬಂದಾಗ ನಿಮ್ಮ ಬಳಿ ಯಾರಿದ್ದರು? ಯಾರಾದರೂ ಬೈದರೇ? ಮನೆಗೆ ಹೋದ ಮೇಲೆ ಹೇಗಿದ್ದೀರೆಂದು ಯಾರಾದರೂ ಬಂದು ಕೇಳಿದರೇ? ನಿಮ್ಮ ಮಗಳನ್ನು ಅದೇ ಆಸ್ಪತ್ರೆಗೆ ಕಳುಹಿಸುತ್ತೀರಾ?

ಅವಳು ಓದಿ, "ಮೇಡಂ, ಇದಕ್ಕೆ ಅಂಕ ಹಾಕುವುದು ಹೇಗೆ? ನಮ್ಮ ಗೈಡು ಒಪ್ಪುವುದಿಲ್ಲ" ಎಂದಳು. ಅವಳ ಕಷ್ಟವೂ ನಿಜವೇ. ಕೊನೆಗೆ ಇಬ್ಬರೂ ರಾಜಿಯಾದೆವು. ತೃಪ್ತಿಯ ಮೂರು ಮನೆಗಳು ಹಾಗೆಯೇ ಉಳಿದವು. ನನ್ನ ನಾಲ್ಕು ಪ್ರಶ್ನೆಗಳು ಕಡೆಯ ಹಾಳೆಗೆ ಹೋದವು. ಮಧುಗಿರಿಯ ಹಳ್ಳಿಗಳಿಂದ ಕೆಲಸ ಶುರು ಮಾಡುತ್ತೇನೆಂದು ಹೇಳಿ ಹೋಗಿದ್ದಾಳೆ. ಉತ್ತರ ಬರೆದುಕೊಳ್ಳಲು ಕಡೆಯ ಹಾಳೆಯಲ್ಲಿ ಜಾಗ ಸಾಕಷ್ಟು ಬಿಡು ಎಂದು ಮಾತ್ರ ಅವಳಿಗೆ ಹೇಳಿದ್ದೇನೆ.